ಸರ್ವನಾಮ ತಪ್ಪಾದರೆ ಹಿಂದಕ್ಕೆ ಹೋಗಿ ನೋಡಿ: ಇಂಗ್ಲಿಷ್ ವಾಕ್ಯದ ಒಂದು ದೋಷ ಹಿಡಿಯುವ ಬಗೆ

ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದಿದ್ದೀರಿ. ಸ್ಪೆಲ್ಲಿಂಗ್ ಸರಿ ಇದೆ, ಕಾಲ ಸರಿ ಇದೆ, ಅರ್ಥವೂ ಆಗುತ್ತದೆ. ಆದರೂ ತಿದ್ದಿದವರು 'ಅವರ' ಎಂಬ ಅರ್ಥದ 'ದೇರ್' ಪದದ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟಿದ್ದಾರೆ. ಅದನ್ನು ತೆಗೆದು 'ಹಿಸ್' ಹಾಕುತ್ತೀರಿ. ಅದಕ್ಕೂ ಗೆರೆ ಬೀಳುತ್ತದೆ. ಆಮೇಲೆ 'ಹರ್', ಆಮೇಲೆ 'ಇಟ್ಸ್'. ಹೀಗೆ ಒಂದೊಂದಾಗಿ ಹಾಕಿ ನೋಡುತ್ತಾ ಹೋದರೆ ಯಾವುದೋ ಒಂದು ಸರಿ ಹೋಗಬಹುದು, ಆದರೆ ಮುಂದಿನ ವಾಕ್ಯದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ, ಯಾಕೆಂದರೆ ದೋಷ ಎಲ್ಲಿತ್ತು ಅಂತ ಗೊತ್ತೇ ಆಗಲಿಲ್ಲ.

ದೋಷ ಕಣ್ಣಿಗೆ ಬೀಳುವುದು ಸರ್ವನಾಮದಲ್ಲಿ. ಅದು ಹುಟ್ಟುವುದು ಮಾತ್ರ ಅದಕ್ಕಿಂತ ಹಿಂದೆ, ಆ ಸರ್ವನಾಮ ಯಾವ ಪದದ ಬದಲಿಗೆ ನಿಂತಿದೆಯೋ ಅಲ್ಲಿ. ಇಂಗ್ಲಿಷ್ ವ್ಯಾಕರಣದಲ್ಲಿ ಆ ಪದಕ್ಕೆ ಆಂಟಿಸಿಡೆಂಟ್ ಅನ್ನುತ್ತಾರೆ. ಸುಲಭಕ್ಕೆ ಇಲ್ಲಿ ಅದನ್ನು ಮೂಲಪದ ಅಂತ ಕರೆಯೋಣ. 'ದಿ ಗರ್ಲ್ ಲಾಸ್ಟ್ ಹರ್ ಬ್ಯಾಗ್' ಎಂಬಲ್ಲಿ 'ಹರ್' ಸರ್ವನಾಮ, 'ಗರ್ಲ್' ಮೂಲಪದ. ಎರಡೂ ಮೂರು ವಿಷಯದಲ್ಲಿ ಹೊಂದಬೇಕು: ಒಂದೋ ಹಲವೋ ಎಂಬ ವಚನ, ಗಂಡೋ ಹೆಣ್ಣೋ ವಸ್ತುವೋ ಎಂಬ ಲಿಂಗ, ನಾನೋ ನೀನೋ ಅವನೋ ಎಂಬ ಪುರುಷ. ನಿಯಮ ಇಷ್ಟೇ, ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದ್ದು. ಮೂಲಪದ ಯಾವುದು ಅಂತ ಹಿಡಿಯುವಾಗಲೇ ಎಲ್ಲರೂ ಎಡವುವುದು.

ಮೊದಲು ಮಾಡುವ ಪರೀಕ್ಷೆ

ಅನುಮಾನ ಬಂದ ಸರ್ವನಾಮದ ಮೇಲೆ ಬೆರಳಿಡಿ. 'ಯಾರದ್ದು?' ಅಥವಾ 'ಯಾವುದು?' ಅಂತ ಕೇಳಿ. ಉತ್ತರಕ್ಕೆ ಹಿಂದಕ್ಕೆ ಹೋಗಿ. ಸಿಕ್ಕ ಪದವನ್ನು ಸರ್ವನಾಮದ ಜಾಗದಲ್ಲೇ ಇಟ್ಟು ವಾಕ್ಯ ಓದಿ. 'ದಿ ಡಾಗ್ ವ್ಯಾಗ್ಡ್ ದೇರ್ ಟೇಲ್' ಅಂತ ಬರೆದಿದ್ದರೆ, ಯಾರ ಬಾಲ? ನಾಯಿಯದು. ಎಷ್ಟು ನಾಯಿ? ಒಂದೇ. ಹಾಗಾದರೆ 'ದೇರ್' ಬರುವಂತಿಲ್ಲ, 'ಇಟ್ಸ್' ಬರಬೇಕು.

ಈ ಪ್ರಶ್ನೆಗೆ ಮೂರು ಥರದ ಉತ್ತರ ಬರಬಹುದು. ಒಂದೇ ಪದ ಸಿಕ್ಕರೆ ವಚನ, ಲಿಂಗ, ಪುರುಷ ನೋಡಿ ಸರಿಪಡಿಸಿದರೆ ಮುಗಿಯಿತು. ಎರಡು ಪದ ಸಿಕ್ಕರೆ ಅದು ಬೇರೆ ರೋಗ. ಒಂದೂ ಸಿಗದಿದ್ದರೆ ಇನ್ನೊಂದು ರೋಗ. ಆ ಎರಡಕ್ಕೂ ಸರ್ವನಾಮ ಬದಲಿಸಿ ಪ್ರಯೋಜನವಿಲ್ಲ, ವಾಕ್ಯವನ್ನೇ ಬದಲಿಸಬೇಕು. ಅದಕ್ಕೆ ಆಮೇಲೆ ಬರೋಣ.

ನಮ್ಮ ಕಿವಿಗೆ ತಪ್ಪು ಕೇಳಿಸದಿರುವುದು ಯಾಕೆ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರಿಗೆ ಈ ದೋಷ ಬೇಗ ಕೇಳಿಸುವುದಿಲ್ಲ. ಅದಕ್ಕೆ ಕಾರಣ ಇದೆ, ಕಾರಣ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲನೆಯದು 'ತನ್ನ'. ಹುಡುಗ ತನ್ನ ಚೀಲ ತಂದ, ಹುಡುಗಿ ತನ್ನ ಚೀಲ ತಂದಳು. ಇಲ್ಲಿ 'ತನ್ನ' ಗಂಡು ಹೆಣ್ಣು ಎರಡಕ್ಕೂ ಒಂದೇ, ನಾಯಿಗೂ ಅದೇ. ಗಂಡೋ ಹೆಣ್ಣೋ ಅನ್ನುವುದನ್ನು ಕನ್ನಡ ಕ್ರಿಯಾಪದದ ಕೊನೆಯಲ್ಲಿ ಹೇಳಿಬಿಡುತ್ತದೆ. ಇಂಗ್ಲಿಷಿನ 'ಬ್ರಾಟ್' ಅದನ್ನು ಹೇಳುವುದಿಲ್ಲ, ಆ ಭಾರವೆಲ್ಲ 'ಹಿಸ್', 'ಹರ್' ಮೇಲೆ ಬೀಳುತ್ತದೆ. ಹಾಗಾಗಿ ನಮಗೆ ಎಂದೂ ಬೇಕಿಲ್ಲದ ಒಂದು ತೀರ್ಮಾನವನ್ನು ಇಂಗ್ಲಿಷ್ ಬರೆಯುವಾಗ ಪ್ರತಿ ಸಲ ಮಾಡಬೇಕಾಗುತ್ತದೆ. ಅವಸರದಲ್ಲಿ ಕೈ ಹತ್ತಿರದ ಪದವನ್ನು ನೋಡಿಬಿಡುತ್ತದೆ. 'ರಮೇಶ್ ಕಾಲ್ಡ್ ಹರ್ ಸಿಸ್ಟರ್' ಅಂತ ಬರೆಯುವವರು 'ಸಿಸ್ಟರ್' ಹೆಣ್ಣು ಅಂತ 'ಹರ್' ಹಾಕಿರುತ್ತಾರೆ. ಇಂಗ್ಲಿಷಿನಲ್ಲಿ ಲಿಂಗ ನೋಡಬೇಕಾದ್ದು ಯಾರ ತಂಗಿ ಅನ್ನುವಲ್ಲಿ. ರಮೇಶನ ತಂಗಿ, ಆದ್ದರಿಂದ 'ಹಿಸ್ ಸಿಸ್ಟರ್'. 'ಹರ್ ಸಿಸ್ಟರ್' ಅಂದರೆ ಬೇರೆ ಯಾವಳೋ ಒಬ್ಬಳ ತಂಗಿಗೆ ಫೋನ್ ಮಾಡಿದ ಅಂತ ಅರ್ಥ ಬರುತ್ತದೆ.

ಎರಡನೆಯದು ಗೌರವದ ಬಹುವಚನ. 'ನಮ್ಮ ಟೀಚರ್ ಬಂದರು, ಅವರ ಪುಸ್ತಕ ಮರೆತರು' ಅನ್ನುವುದು ನಮಗೆ ಸಹಜ. ಅದನ್ನೇ ಇಂಗ್ಲಿಷಿಗೆ ತಂದಾಗ 'ಅವರ' ಎಂಬುದು 'ದೇರ್' ಆಗಿಬಿಡುತ್ತದೆ. ಯಾವ ಟೀಚರ್ ಅಂತ ಗೊತ್ತಿದ್ದು, ಅವರು ಹೆಂಗಸು ಅಂತಲೂ ಗೊತ್ತಿದ್ದರೆ, 'ಶೀ ಫರ್ಗಾಟ್ ಹರ್ ಬುಕ್' ಅಂತಲೇ ಬರೆಯಬೇಕು. ಇದರಲ್ಲಿ ಅಗೌರವ ಏನೂ ಇಲ್ಲ, ಇಂಗ್ಲಿಷಿನ 'ಶೀ' ನಮ್ಮ 'ಅವಳು' ಹಾಗೂ 'ಅವರು' ಎರಡನ್ನೂ ಹೊತ್ತುಕೊಳ್ಳುತ್ತದೆ.

ಮೂರನೆಯದು ವಸ್ತುಗಳ ಲೆಕ್ಕ. 'ಹತ್ತು ಪುಸ್ತಕ ತಂದೆ, ಅದನ್ನ ಮೇಜಿನ ಮೇಲೆ ಇಟ್ಟೆ' ಅಂತ ಮಾತಾಡುತ್ತೇವೆ. ಹತ್ತು ಇದ್ದರೂ 'ಪುಸ್ತಕ', ಹತ್ತು ಇದ್ದರೂ 'ಅದು'. 'ಅವು' ಇದೆ, ಆದರೆ ದಿನದ ಮಾತಿನಲ್ಲಿ ಜಾಸ್ತಿ ಬಳಸುವುದಿಲ್ಲ. ಇಂಗ್ಲಿಷಿಗೆ ಇದು ನಡೆಯುವುದಿಲ್ಲ. 'ಐ ಬಾಟ್ ಟೆನ್ ಬುಕ್ಸ್ ಆ್ಯಂಡ್ ಕೆಪ್ಟ್ ಇಟ್ ಆನ್ ದಿ ಟೇಬಲ್' ಅಂದರೆ ಓದುವವರು ಆ 'ಇಟ್' ಯಾವುದು ಅಂತ ಹುಡುಕುತ್ತಾರೆ. 'ದೆಮ್' ಬೇಕು. ಬರೆದದ್ದನ್ನು ಮತ್ತೆ ಓದುವಾಗ ಪ್ರತಿ 'ಇಟ್' ಹತ್ತಿರ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಮಗುವಿನ ವಿಷಯಕ್ಕೆ ಬಂದರೆ ಇಂಗ್ಲಿಷ್ ನಮಗೆ ಹತ್ತಿರವೇ ಇದೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಎಳೆ ಮಗುವಿಗೆ 'ಇಟ್' ನಡೆಯುತ್ತದೆ. ಆದರೆ ಗೊತ್ತಿದ್ದೂ 'ಇಟ್' ಬರೆದರೆ ಮಗುವಿನ ತಂದೆತಾಯಿಗೆ ಚುಚ್ಚುತ್ತದೆ. ಸಾಕಿದ ನಾಯಿ ಬೆಕ್ಕಿಗೂ ಹೀಗೆಯೇ: ಹೆಸರಿಟ್ಟು ಕರೆದ ಮೇಲೆ 'ಹೀ' ಅಥವಾ 'ಶೀ'.

ನಡುವೆ ನುಗ್ಗುವ 'ಆಫ್'

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. 'ಈಚ್ ಆಫ್ ದಿ ಗರ್ಲ್ಸ್ ಬ್ರಾಟ್ ದೇರ್ ಬುಕ್.' ಯಾರ ಪುಸ್ತಕ ಅಂತ ಕೇಳಿದರೆ ಕಣ್ಣು ಹತ್ತಿರದ 'ಗರ್ಲ್ಸ್' ಮೇಲೆ ಬೀಳುತ್ತದೆ, ಅದು ಬಹುವಚನ, ಅದಕ್ಕೇ 'ದೇರ್' ಬಂದಿದೆ. ಆದರೆ 'ಆಫ್ ದಿ ಗರ್ಲ್ಸ್' ಎಂಬುದು ಪಕ್ಕದಲ್ಲಿ ಸೇರಿಸಿದ ವಿವರ ಅಷ್ಟೆ. ಅದರ ಮೇಲೆ ಕೈಯಿಟ್ಟು ಮುಚ್ಚಿ. ಉಳಿಯುವುದು 'ಈಚ್'. ಒಬ್ಬೊಬ್ಬಳೂ. ಹಾಗಾಗಿ 'ಹರ್ ಬುಕ್'.

'ಒನ್ ಆಫ್ ದಿ ಬಾಯ್ಸ್ ಲೆಫ್ಟ್ ಹಿಸ್ ಬ್ಯಾಗ್', 'ನೈದರ್ ಆಫ್ ದಿ ವಿಮೆನ್ ಫಿನಿಶ್ಡ್ ಹರ್ ವರ್ಕ್' ಎಲ್ಲವೂ ಇದೇ ದಾರಿ. 'ಈಚ್', 'ಐದರ್', 'ನೈದರ್', 'ಒನ್' ಏಕವಚನ. 'ಬೋತ್', 'ಫ್ಯೂ', 'ಮೆನಿ', 'ಸೆವೆರಲ್' ಬಹುವಚನ. ಇವೆರಡು ಗುಂಪಿನಲ್ಲಿ ಮುಚ್ಚುವ ಉಪಾಯ ಕೈಕೊಡುವುದಿಲ್ಲ.

ಕೈಕೊಡುವುದು ಮೂರನೇ ಗುಂಪಿನಲ್ಲಿ. 'ಸಮ್', 'ಎನಿ', 'ನನ್', 'ಆಲ್', 'ಮೋಸ್ಟ್' ಈ ಐದು ಪದಗಳಿಗೆ ತಮ್ಮದೇ ವಚನ ಇಲ್ಲ. 'ಸಮ್ ಆಫ್ ದಿ ಮಿಲ್ಕ್ ಲಾಸ್ಟ್ ಇಟ್ಸ್ ಟೇಸ್ಟ್', 'ಸಮ್ ಆಫ್ ದಿ ಬಾಟಲ್ಸ್ ಲಾಸ್ಟ್ ದೇರ್ ಲೇಬಲ್ಸ್'. ಇಲ್ಲಿ 'ಆಫ್' ಆದಮೇಲೆ ಬರುವ ಪದವೇ ತೀರ್ಮಾನಿಸುತ್ತದೆ, ಆದ್ದರಿಂದ ಮುಚ್ಚಬೇಡಿ, ಬಿಚ್ಚಿ ಓದಿ.

'ಅಲಾಂಗ್ ವಿತ್', 'ಟುಗೆದರ್ ವಿತ್', 'ಆ್ಯಸ್ ವೆಲ್ ಆ್ಯಸ್' ಕೂಡ 'ಆಫ್' ಥರವೇ ನಡುವೆ ನುಗ್ಗುತ್ತವೆ. 'ದಿ ಕ್ಯಾಪ್ಟನ್, ಅಲಾಂಗ್ ವಿತ್ ದಿ ಪ್ಲೇಯರ್ಸ್, ಪ್ಯಾಕ್ಡ್ ಹರ್ ಬ್ಯಾಗ್.' ಎರಡು ಕಾಮಾಗಳ ನಡುವೆ ಎಷ್ಟು ಜನ ಇದ್ದರೂ ಮೂಲಪದ 'ಕ್ಯಾಪ್ಟನ್' ಒಬ್ಬಳೇ.

'ಎವ್ರಿಒನ್' ಬಂದಾಗ ಏನು ಮಾಡಬೇಕು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು, ಯಾಕೆಂದರೆ ಇಲ್ಲಿ ತಪ್ಪು ಯಾವುದು ಸರಿ ಯಾವುದು ಅನ್ನುವುದೇ ಕಾಲಕಾಲಕ್ಕೆ ಬದಲಾಗಿದೆ.

'ಎವ್ರಿಒನ್', 'ಎವ್ರಿಬಡಿ', 'ಎನಿಒನ್', 'ಸಮ್‌ಒನ್', 'ನೋಬಡಿ' ಇವೆಲ್ಲ ವ್ಯಾಕರಣದಲ್ಲಿ ಏಕವಚನ. 'ಎವ್ರಿಒನ್ ಈಸ್ ಹಿಯರ್' ಅನ್ನುತ್ತೇವೆ, 'ಆರ್' ಅನ್ನುವುದಿಲ್ಲ. ಹಾಗಾದರೆ 'ಎವ್ರಿಒನ್ ಮಸ್ಟ್ ಬ್ರಿಂಗ್ ಡ್ಯಾಶ್ ಬುಕ್' ಎಂಬಲ್ಲಿ ಏನು ಹಾಕಬೇಕು? ಏಕವಚನ ಬೇಕು, ಆದರೆ ಗಂಡೋ ಹೆಣ್ಣೋ ಗೊತ್ತಿಲ್ಲ. ಇಂಗ್ಲಿಷಿನಲ್ಲಿ 'ತನ್ನ' ಥರದ ಪದ ಇಲ್ಲ. 'ಇಟ್ಸ್' ಮನುಷ್ಯರಿಗೆ ಆಗುವುದಿಲ್ಲ. ಮೂಲಪದದ ವಚನಕ್ಕೂ ಲಿಂಗಕ್ಕೂ ಒಟ್ಟಿಗೆ ಹೊಂದುವ ಸರ್ವನಾಮ ಇಲ್ಲದ ಕಡೆ ಇದು.

ಹಳೆಯ ಪರಿಹಾರ 'ಹಿಸ್'. 18ನೇ ಶತಮಾನದ ವ್ಯಾಕರಣ ಪುಸ್ತಕಗಳಲ್ಲಿ ಗಂಡಸಿನ ಸರ್ವನಾಮವೇ ಎಲ್ಲರಿಗೂ ಸಾಕು ಎಂಬ ಮಾತು ಬಂತು. ಬ್ರಿಟಿಷ್ ಪಾರ್ಲಿಮೆಂಟ್ 1850ರಲ್ಲಿ ಕಾನೂನುಗಳ ಭಾಷೆಗೂ ಇದನ್ನೇ ಗೊತ್ತುಮಾಡಿತು: ಪುಲ್ಲಿಂಗದ ಪದ ಹೆಂಗಸರನ್ನೂ ಒಳಗೊಳ್ಳುತ್ತದೆ ಅಂತ. ಶಾಲೆಯಲ್ಲಿ ನಮ್ಮಲ್ಲಿ ಹಲವರು ಕಲಿತ 'ಎವ್ರಿಒನ್ ಶುಡ್ ಡೂ ಹಿಸ್ ಡ್ಯೂಟಿ' ಈ ಸಾಲಿನದೇ.

ಆಮೇಲೆ 'ಹಿಸ್ ಆರ್ ಹರ್' ಬಂತು. ಒಂದು ಸಲ ಬರೆದರೆ ಚೆನ್ನಾಗಿಯೇ ಇರುತ್ತದೆ. ಒಂದೇ ಪ್ಯಾರಾದಲ್ಲಿ ನಾಲ್ಕು ಸಲ 'ಹೀ ಆರ್ ಶೀ', 'ಹಿಮ್ ಆರ್ ಹರ್' ಬಂದರೆ ಓದುವವರಿಗೆ ಉಸಿರು ಕಟ್ಟುತ್ತದೆ.

ಇನ್ನು 'ದೇರ್'. 'ಎವ್ರಿಒನ್ ಮಸ್ಟ್ ಬ್ರಿಂಗ್ ದೇರ್ ಬುಕ್' ಇತ್ತೀಚಿನ ಫ್ಯಾಶನ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ಏಕವಚನದ 'ದೇ' ಬಳಕೆಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಕೊಡುವ ಉದಾಹರಣೆ 1375ರಷ್ಟು ಹಳೆಯದು. ಅಂದರೆ ಅದನ್ನು ತಪ್ಪು ಅಂದ ನಿಯಮಕ್ಕಿಂತ ಬಳಕೆಯೇ ಎಷ್ಟೋ ನೂರು ವರ್ಷ ಹಿರಿಯದು. 'ಯು' ಕೂಡ ಒಂದು ಕಾಲದಲ್ಲಿ ಬಹುವಚನವೇ ಆಗಿತ್ತು, ಒಬ್ಬರಿಗೆ 'ದೌ' ಅನ್ನುತ್ತಿದ್ದರು. ಮರ್ಯಾದೆಗೆ ಅಂತ ಒಬ್ಬರಿಗೂ 'ಯು' ಅನ್ನತೊಡಗಿ, ನಮ್ಮ 'ನೀವು' ಥರ, ಕೊನೆಗೆ 'ದೌ' ದಿನಬಳಕೆಯಿಂದಲೇ ಹೋಯಿತು. ಇವತ್ತೂ ಒಬ್ಬರ ಎದುರು ನಿಂತು 'ಯು ಆರ್' ಅಂತಲೇ ಅನ್ನುತ್ತೇವೆ.

ಈಗಿನ ಪರಿಸ್ಥಿತಿ ನೋಡಿ. ಸಂಶೋಧನಾ ಲೇಖನಗಳಿಗೆ ಬಹಳ ಕಡೆ ಬಳಸುವ, ಅಮೆರಿಕದ ಮನಶ್ಶಾಸ್ತ್ರ ಸಂಘದ (ಎಪಿಎ) ಶೈಲಿ ಕೈಪಿಡಿ 2019ರ 7ನೇ ಆವೃತ್ತಿಯಲ್ಲಿ ಏಕವಚನದ 'ದೇ' ಬಳಸಿ ಅಂತಲೇ ಹೇಳಿತು. ಅದೇ ವರ್ಷ ಮೆರಿಯಂ ವೆಬ್‌ಸ್ಟರ್ ನಿಘಂಟು 'ದೇ' ಪದವನ್ನು ವರ್ಷದ ಪದ ಅಂತ ಆರಿಸಿತು. ತಾನು ಗಂಡು ಅಂತಲೋ ಹೆಣ್ಣು ಅಂತಲೋ ಗುರುತಿಸಿಕೊಳ್ಳದೆ 'ದೇ' ಅಂತ ಕರೆಯಿರಿ ಅನ್ನುವವರಿಗೆ ಅದನ್ನೇ ಬಳಸುವುದು ಈಗ ಈ ಕೈಪಿಡಿಗಳ ಪ್ರಕಾರವೂ ಸರಿ. ಪುಸ್ತಕ ಪ್ರಕಾಶಕರು ಬಳಸುವ ಶಿಕಾಗೋ ಶೈಲಿ ಕೈಪಿಡಿ ಔಪಚಾರಿಕ ಬರಹಕ್ಕೆ ಬಹಳ ಕಾಲ ಹಿಂದೇಟು ಹಾಕಿ, 2024ರ 18ನೇ ಆವೃತ್ತಿಯಲ್ಲಿ ಸಡಿಲ ಮಾಡಿತು.

ಕಟ್ಟುನಿಟ್ಟಿನ ವ್ಯಾಕರಣವೂ ಒಂದು ಕಡೆ ಇದನ್ನು ಒಪ್ಪಿಕೊಂಡೇ ಇದೆ. ವಾಕ್ಯದ ಕೊನೆಗೆ 'ಅಲ್ವಾ?' ಅಂತ ಸೇರಿಸುವ ಪುಟ್ಟ ಪ್ರಶ್ನೆ, ಅಂದರೆ ಟ್ಯಾಗ್ ಕ್ವೆಶ್ಚನ್, ನೆನಪಿಸಿಕೊಳ್ಳಿ: 'ಎವ್ರಿಒನ್ ಹ್ಯಾಸ್ ಕಮ್, ಹ್ಯಾವಂಟ್ ದೇ?', 'ನೋಬಡಿ ಕಾಲ್ಡ್, ಡಿಡ್ ದೇ?' ಇಲ್ಲಿ 'ಹ್ಯಾಸಂಟ್ ಹೀ' ಅಂತ ಬರೆದರೆ ಉತ್ತರ ತಪ್ಪು. ವಸ್ತುವಾದರೆ ಮಾತ್ರ 'ಎವ್ರಿಥಿಂಗ್ ಈಸ್ ಫೈನ್, ಈಸಂಟ್ ಇಟ್?'

ಹಾಗಾದರೆ ನೀವು ಯಾವುದನ್ನು ಬರೆಯಬೇಕು? ಯಾರು ಓದುತ್ತಾರೆ ನೋಡಿ. ತಪ್ಪು ಹುಡುಕುವ ಪ್ರಶ್ನೆ ಇರುವ ಪರೀಕ್ಷೆ ಆದರೆ, 'ಎವ್ರಿಒನ್' ಜೊತೆ 'ದೇರ್' ಕಂಡರೆ ಅದೇ ತಪ್ಪು ಅಂತ ಅವರು ಲೆಕ್ಕ ಹಾಕಿರುವ ಸಾಧ್ಯತೆ ಹೆಚ್ಚು, ಹಳೆಯ ನಿಯಮಕ್ಕೇ ಬದ್ಧರಾಗಿರಿ. ಮೇಲ್, ವರದಿ, ಲೇಖನ ಆದರೆ 'ದೇರ್' ಬರೆಯಲು ಹೆದರಬೇಕಿಲ್ಲ. ನನ್ನ ಮಟ್ಟಿಗೆ ಎರಡಕ್ಕಿಂತ ಒಳ್ಳೆಯದು ಮೂಲಪದವನ್ನೇ ಬಹುವಚನ ಮಾಡುವುದು: 'ಆಲ್ ಸ್ಟೂಡೆಂಟ್ಸ್ ಮಸ್ಟ್ ಬ್ರಿಂಗ್ ದೇರ್ ಬುಕ್ಸ್'. ಯಾವ ಕಾಲದ ವ್ಯಾಕರಣದವರೂ ಇದಕ್ಕೆ ಗೆರೆ ಎಳೆಯಲಾರರು.

ಮಾಡಬಾರದ್ದು ಒಂದೇ, ಒಂದು ಪ್ಯಾರಾದಲ್ಲಿ 'ಹಿಸ್' ಇನ್ನೊಂದರಲ್ಲಿ 'ದೇರ್' ಅಂತ ಸುಮ್ನೆ ಬದಲಿಸುತ್ತಾ ಹೋಗುವುದು.

'ಆ್ಯಂಡ್', 'ಆರ್' ಸೇರಿದಾಗ

'ಆ್ಯಂಡ್' ಸೇರಿಸಿದರೆ ಇಬ್ಬರಾದರು, 'ದೇರ್' ಬರುತ್ತದೆ. 'ರಮೇಶ್ ಆ್ಯಂಡ್ ಸೀತಾ ಲಾಸ್ಟ್ ದೇರ್ ಟಿಕೆಟ್ಸ್.' ಇದರಲ್ಲಿ ತಪ್ಪುವವರು ಕಡಿಮೆ. ಎಡವುವುದು ಎರಡು ಕಡೆ. ಮುಂದೆ 'ಈಚ್' ಅಥವಾ 'ಎವ್ರಿ' ಇದ್ದರೆ 'ಆ್ಯಂಡ್' ಇದ್ದರೂ ಏಕವಚನವೇ: 'ಎವ್ರಿ ಟೇಬಲ್ ಆ್ಯಂಡ್ ಚೇರ್ ಹ್ಯಾಸ್ ಇಟ್ಸ್ ನಂಬರ್'. ಇನ್ನೊಂದು, ಎರಡು ಹುದ್ದೆ ಒಬ್ಬರದೇ ಆಗಿದ್ದಾಗ. 'ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಸೈನ್ಡ್ ಹರ್ ನೇಮ್' ಅಂದರೆ ಒಬ್ಬಳೇ ಎರಡೂ ಕೆಲಸ ಮಾಡುತ್ತಾಳೆ. 'ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ಸೈನ್ಡ್ ದೇರ್ ನೇಮ್ಸ್' ಅಂದರೆ ಇಬ್ಬರು. ವ್ಯತ್ಯಾಸ ಎರಡನೇ 'ದಿ'ಯಲ್ಲಿದೆ. ಪರೀಕ್ಷೆಗಳಲ್ಲಿ ಇದನ್ನು ಕೇಳುತ್ತಲೇ ಇರುತ್ತಾರೆ, ಆ ಪುಟ್ಟ ಪದವನ್ನು ದಾಟಿ ಓದಬೇಡಿ.

'ಆರ್', 'ನಾರ್' ಬಂದರೆ ಹತ್ತಿರ ಇರುವ ಪದ ನೋಡಿ. 'ನೈದರ್ ದಿ ಕೋಚ್ ನಾರ್ ದಿ ಪ್ಲೇಯರ್ಸ್ ಬ್ರಾಟ್ ದೇರ್ ಶೂಸ್.' ತಿರುಗಿಸಿ ಬರೆದರೆ 'ನಾರ್ ದಿ ಕೋಚ್ ಬ್ರಾಟ್ ಹಿಸ್ ಶೂಸ್' ಆಗುತ್ತದೆ, ನಿಯಮದ ಪ್ರಕಾರ ಸರಿ, ಕಿವಿಗೆ ವಿಚಿತ್ರ. ಆದ್ದರಿಂದ ಬಹುವಚನದ ಪದವನ್ನು ಯಾವಾಗಲೂ ಕೊನೆಗೆ ಇಡಿ. 'ಐದರ್ ರಮೇಶ್ ಆರ್ ಸೀತಾ ವಿಲ್ ಬ್ರಿಂಗ್' ಅಂತ ಶುರು ಮಾಡಿ 'ಹಿಸ್' ಹಾಕುವುದೋ 'ಹರ್' ಹಾಕುವುದೋ ಅಂತ ಸಿಕ್ಕಿಬಿದ್ದರೆ, ಒದ್ದಾಡಬೇಡಿ. 'ಎ ಕ್ಯಾಮೆರಾ' ಅಂತ ಬರೆದು ಸರ್ವನಾಮವನ್ನೇ ಬಿಟ್ಟುಬಿಡಿ.

ಗುಂಪಿನ ಹೆಸರುಗಳು, ಮೋಸ ಮಾಡುವ ಹೆಸರುಗಳು

'ಟೀಮ್', 'ಕಮಿಟಿ', 'ಫ್ಯಾಮಿಲಿ' ಇಂಥವುಗಳಿಗೆ ಅಮೆರಿಕನ್ ಇಂಗ್ಲಿಷ್ ಸಾಮಾನ್ಯವಾಗಿ 'ಇಟ್ಸ್' ಅನ್ನುತ್ತದೆ. ಬ್ರಿಟಿಷ್ ಇಂಗ್ಲಿಷ್ ಎರಡನ್ನೂ ಒಪ್ಪುತ್ತದೆ, ಗುಂಪು ಒಂದಾಗಿ ಕೆಲಸ ಮಾಡಿದರೆ 'ಇಟ್ಸ್', ಒಳಗಿನವರು ಬೇರೆ ಬೇರೆಯಾಗಿ ಮಾಡಿದರೆ 'ದೇರ್'. 'ದಿ ಕಮಿಟಿ ಗೇವ್ ಇಟ್ಸ್ ರಿಪೋರ್ಟ್', 'ದಿ ಕಮಿಟಿ ಟುಕ್ ದೇರ್ ಸೀಟ್ಸ್'. ಯಾವುದು ಬರೆದರೂ ಕ್ರಿಯಾಪದ ಅದೇ ದಾರಿಯಲ್ಲಿ ಇರಬೇಕು. 'ದಿ ಟೀಮ್ ಈಸ್ ಪ್ರೌಡ್ ಆಫ್ ದೇರ್ ವಿನ್' ಎಂಬಲ್ಲಿ 'ಈಸ್' ಒಂದು ಕಡೆ ಎಳೆಯುತ್ತದೆ, 'ದೇರ್' ಇನ್ನೊಂದು ಕಡೆ. ಕಂಪನಿ, ದೇಶ ಎಲ್ಲಕ್ಕೂ ಬರಹದಲ್ಲಿ 'ಇಟ್ಸ್' ಸುರಕ್ಷಿತ. ದೇಶಕ್ಕೆ, ಹಡಗಿಗೆ 'ಶೀ' ಅನ್ನುವ ರೂಢಿ ಈಗ ಹಳೆಯದಾಯಿತು, ಹಡಗು ಉದ್ಯಮದ ಪತ್ರಿಕೆ ಲಾಯ್ಡ್ಸ್ ಲಿಸ್ಟ್ ಕೂಡ 2002ರಲ್ಲಿ 'ಇಟ್' ಕಡೆಗೆ ಬಂತು.

ಕೊನೆಯಲ್ಲಿ ಎಸ್ ಇರುವ 'ನ್ಯೂಸ್', 'ಮ್ಯಾಥಮ್ಯಾಟಿಕ್ಸ್', 'ಮೀಸಲ್ಸ್' ಏಕವಚನ, 'ಇಟ್'. 'ಸಿಸರ್ಸ್', 'ಟ್ರೌಸರ್ಸ್', 'ಗ್ಲಾಸಸ್' ಒಂದೇ ವಸ್ತುವಾದರೂ 'ದೆಮ್'. 'ಪೊಲೀಸ್', 'ಪೀಪಲ್', 'ಕ್ಯಾಟಲ್' ಎಸ್ ಇಲ್ಲದಿದ್ದರೂ 'ದೇ'. 'ಫರ್ನಿಚರ್', 'ಲಗೇಜ್', 'ಇನ್ಫರ್ಮೇಶನ್', 'ಅಡ್ವೈಸ್' ಎಷ್ಟೇ ರಾಶಿ ಇದ್ದರೂ 'ಇಟ್'. 'ಐ ಗಾಟ್ ಮೆನಿ ಅಡ್ವೈಸಸ್ ಆ್ಯಂಡ್ ಫಾಲೋಡ್ ದೆಮ್' ಎಂಬ ವಾಕ್ಯದಲ್ಲಿ 'ದೆಮ್' ಒಂದನ್ನು ತಿದ್ದಿದರೆ ಸಾಲದು, 'ಮೆನಿ ಅಡ್ವೈಸಸ್' ಅನ್ನೂ 'ಮಚ್ ಅಡ್ವೈಸ್' ಮಾಡಬೇಕು.

ದಾರಿಯಲ್ಲಿ ಆಳು ಬದಲಾದಾಗ

'ವೆನ್ ಎ ಸ್ಟೂಡೆಂಟ್ ಕಮ್ಸ್ ಲೇಟ್, ಯು ಲೂಸ್ ಮಾರ್ಕ್ಸ್.' ಶುರುವಾದದ್ದು ಯಾರೋ ಒಬ್ಬ ವಿದ್ಯಾರ್ಥಿಯಿಂದ, ಮಾರ್ಕ್ಸ್ ಹೋದದ್ದು ಓದುತ್ತಿರುವ ನಿಮ್ಮದು. ಮಾತಾಡುವಾಗ ಇದು ನಡೆದುಹೋಗುತ್ತದೆ, ಬರಹದಲ್ಲಿ ಎದ್ದು ಕಾಣುತ್ತದೆ. ಎರಡೂ ಕಡೆ 'ಯು' ಮಾಡಿ, ಇಲ್ಲವೇ ಎರಡೂ ಕಡೆ 'ಸ್ಟೂಡೆಂಟ್ಸ್' ಮತ್ತು 'ದೇ' ಮಾಡಿ. 'ಒನ್' ಅಂತ ಶುರು ಮಾಡಿದವರು 'ಒನ್ ಮಸ್ಟ್ ಡೂ ಒನ್ಸ್ ಡ್ಯೂಟಿ' ಅಂತಲೇ ಮುಗಿಸುವುದು ಬ್ರಿಟಿಷ್ ಪದ್ಧತಿ, ಅಮೆರಿಕನ್ನರು ಅಲ್ಲಿ 'ಹಿಸ್' ಅನ್ನೂ ಒಪ್ಪುತ್ತಾರೆ. 'ಯುವರ್' ಮಾತ್ರ ಇಬ್ಬರಿಗೂ ಸರಿಬರುವುದಿಲ್ಲ.

'ಹೂ' ಯಾರ ಹಿಂದೆ ನಿಂತಿದೆ

'ಹೂ', 'ವಿಚ್', 'ದಟ್' ಕೂಡ ಸರ್ವನಾಮಗಳೇ ಅಲ್ವಾ, ಅವಕ್ಕೂ ಮೂಲಪದ ಇರುತ್ತದೆ. ಈ ಎರಡು ವಾಕ್ಯ ಪಕ್ಕದಲ್ಲಿಟ್ಟು ನೋಡಿ. 'ಶೀ ಈಸ್ ಒನ್ ಆಫ್ ದೋಸ್ ಗರ್ಲ್ಸ್ ಹೂ ಡೂ ದೇರ್ ವರ್ಕ್ ವೆಲ್.' 'ಶೀ ಈಸ್ ದಿ ಓನ್ಲಿ ಒನ್ ಆಫ್ ದೋಸ್ ಗರ್ಲ್ಸ್ ಹೂ ಡಸ್ ಹರ್ ವರ್ಕ್ ವೆಲ್.' ಮೊದಲನೆಯದರಲ್ಲಿ ಕೆಲಸ ಚೆನ್ನಾಗಿ ಮಾಡುವ ಹುಡುಗಿಯರ ಒಂದು ಗುಂಪೇ ಇದೆ, ಇವಳು ಅದರಲ್ಲಿ ಒಬ್ಬಳು. 'ಹೂ' ನಿಂತಿರುವುದು 'ಗರ್ಲ್ಸ್' ಹಿಂದೆ. ಎರಡನೆಯದರಲ್ಲಿ ಚೆನ್ನಾಗಿ ಮಾಡುವವಳು ಇವಳೊಬ್ಬಳೇ, 'ಹೂ' ನಿಂತಿರುವುದು 'ಒನ್' ಹಿಂದೆ. ಹಿಂದೆ ಹೇಳಿದ 'ಆಫ್' ಮುಚ್ಚುವ ಉಪಾಯವನ್ನು ಇಲ್ಲಿ ಹಾಗೇ ಬಳಸಿದರೆ ಮೊದಲನೇ ವಾಕ್ಯ ಕೆಡುತ್ತದೆ. ಅರ್ಥ ಕೇಳಿಯೇ ತೀರ್ಮಾನಿಸಬೇಕು.

ಇಬ್ಬರು ಯಜಮಾನರು, ಅಥವಾ ಯಜಮಾನನೇ ಇಲ್ಲ

ಈಗ ಮೊದಲೇ ಹೇಳಿದ ಆ ಎರಡು ರೋಗ. 'ರಮೇಶ್ ಟೋಲ್ಡ್ ಸುರೇಶ್ ದಟ್ ಹೀ ಹ್ಯಾಡ್ ಪಾಸ್ಡ್.' ಪಾಸಾದವನು ಯಾರು? ವಚನ ಸರಿ, ಲಿಂಗ ಸರಿ, ಪುರುಷ ಸರಿ, ಅದಕ್ಕೇ ಕಂಪ್ಯೂಟರಿನ ಗ್ರಾಮರ್ ಚೆಕರ್ ಇದನ್ನು ಹಿಡಿಯದೆ ಬಿಟ್ಟುಬಿಡಬಹುದು. ಆದರೆ ಓದುವವರಿಗೆ ಎರಡು ಉತ್ತರ ಸಿಗುತ್ತದೆ. ಕನ್ನಡದಲ್ಲಿ 'ತಾನು ಪಾಸಾದೆ ಅಂತ ಹೇಳಿದ', 'ಅವನು ಪಾಸಾದ ಅಂತ ಹೇಳಿದ' ಅಂತ ಬೇರೆ ಮಾಡಬಹುದು. ಇಂಗ್ಲಿಷಿನಲ್ಲಿ ಆ ಸೌಲಭ್ಯ ಇಲ್ಲ. ಹೆಸರನ್ನೇ ಮತ್ತೆ ಬರೆಯಿರಿ, ಅಥವಾ ಮಾತನ್ನು ನೇರವಾಗಿ ಕೊಡಿ: ರಮೇಶ್ ಸೆಡ್, 'ಐ ಪಾಸ್ಡ್, ಸುರೇಶ್.' ಹೆಸರು ಎರಡು ಸಲ ಬಂದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಹಿಂಜರಿಯಬೇಡಿ, ಅರ್ಥ ಕೆಡುವುದಕ್ಕಿಂತ ಅದು ಎಷ್ಟೋ ಮೇಲು.

ಯಜಮಾನನೇ ಇಲ್ಲದ್ದು 'ಇನ್ ದಿ ಲೆಟರ್ ದೇ ಸೇ' ಥರದ್ದು. ಯಾರು ಹೇಳುತ್ತಾರೆ? ಪತ್ರದಲ್ಲಿ ಯಾರೂ ಕಾಣುವುದಿಲ್ಲ. 'ದಿ ಲೆಟರ್ ಸೇಸ್' ಸಾಕು. ಇದೇ ಜಾತಿಯ ಇನ್ನೊಂದು ತೊಂದರೆ ಒಂಟಿ 'ದಿಸ್' ಮತ್ತು 'ವಿಚ್'. 'ದಿ ಟ್ರೇನ್ ವಾಸ್ ಲೇಟ್ ಆ್ಯಂಡ್ ದಿ ಮೀಟಿಂಗ್ ವಾಸ್ ಕ್ಯಾನ್ಸಲ್ಡ್. ದಿಸ್ ಆ್ಯಂಗರ್ಡ್ ಎವ್ರಿಒನ್.' ಸಿಟ್ಟು ಬಂದದ್ದು ರೈಲು ತಡವಾದದ್ದಕ್ಕೋ, ಮೀಟಿಂಗ್ ರದ್ದಾದದ್ದಕ್ಕೋ? 'ದಿಸ್' ಪಕ್ಕ ಒಂದು ನಾಮಪದ ಇಡಿ, 'ದಿಸ್ ಡಿಲೇ' ಅಥವಾ 'ದಿಸ್ ಕ್ಯಾನ್ಸಲೇಶನ್'. ಒಂದೇ ಪದದಲ್ಲಿ ಗೊಂದಲ ಹೋಗುತ್ತದೆ.

ಒಂದು ಸೂಚನೆಯನ್ನು ಬಿಚ್ಚಿ ನೋಡೋಣ

ಯಾವುದೋ ಸಂಘದ ಬೋರ್ಡಿನ ಮೇಲೆ ಹೀಗೆ ಬರೆದಿದೆ ಅಂದುಕೊಳ್ಳಿ: 'ಎವ್ರಿ ಮೆಂಬರ್ ಮಸ್ಟ್ ಕ್ಯಾರಿ ಹಿಸ್ ಕಾರ್ಡ್. ಇಫ್ ಯು ಲೂಸ್ ದೆಮ್, ಟೆಲ್ ದಿ ಆಫೀಸ್. ದಿ ಕಮಿಟಿ ವಿಲ್ ಚೆಕ್ ಇಟ್ಸ್ ರೆಕಾರ್ಡ್ಸ್ ಆ್ಯಂಡ್ ದೇ ವಿಲ್ ರಿಪ್ಲೈ. ದಿಸ್ ಮೇ ಟೇಕ್ ಟೈಮ್.'

ಒಂದೊಂದೇ ಸರ್ವನಾಮದ ಮೇಲೆ ಬೆರಳಿಡುತ್ತಾ ಹೋಗಿ. 'ಹಿಸ್' ಯಾರದ್ದು? 'ಎವ್ರಿ ಮೆಂಬರ್'ದು. ವಚನ ಸರಿ, ಆದರೆ ಸದಸ್ಯರಲ್ಲಿ ಹೆಂಗಸರೂ ಇದ್ದಾರೆ. 'ಯು' ಯಾರು? ಒಂದು ವಾಕ್ಯದ ಹಿಂದೆ 'ಮೆಂಬರ್' ಆಗಿದ್ದವರು ಇಲ್ಲಿ ಓದುಗರಾಗಿಬಿಟ್ಟರು, ಪುರುಷ ಬದಲಾಗಿದೆ. 'ದೆಮ್' ಯಾವುದು? ಕಾರ್ಡ್. ಕಾರ್ಡ್ ಒಂದೇ ಇತ್ತು, ವಚನ ತಪ್ಪಿದೆ. 'ಇಟ್ಸ್' ಮತ್ತು 'ದೇ' ಎರಡೂ 'ಕಮಿಟಿ'ಗೇ ಹೋಗುತ್ತವೆ, ಒಂದೇ ವಾಕ್ಯದಲ್ಲಿ ಕಮಿಟಿ ಒಂದಾಗಿ ಶುರುವಾಗಿ ಹಲವಾಗಿ ಮುಗಿದಿದೆ. ಕೊನೆಯ 'ದಿಸ್' ದಾಖಲೆ ನೋಡುವುದಕ್ಕೋ ಉತ್ತರ ಕೊಡುವುದಕ್ಕೋ ಗೊತ್ತಾಗುವುದಿಲ್ಲ.

ತಿದ್ದಿದರೆ ಹೀಗಾಗುತ್ತದೆ: 'ಮೆಂಬರ್ಸ್ ಮಸ್ಟ್ ಕ್ಯಾರಿ ದೇರ್ ಕಾರ್ಡ್ಸ್. ಎನಿಒನ್ ಹೂ ಲೂಸಸ್ ಎ ಕಾರ್ಡ್ ಮಸ್ಟ್ ಟೆಲ್ ದಿ ಆಫೀಸ್. ದಿ ಕಮಿಟಿ ವಿಲ್ ಚೆಕ್ ಇಟ್ಸ್ ರೆಕಾರ್ಡ್ಸ್ ಆ್ಯಂಡ್ ರಿಪ್ಲೈ. ದಿಸ್ ಚೆಕ್ ಮೇ ಟೇಕ್ ಟೈಮ್.' ಇಡೀ ಸೂಚನೆಯನ್ನು 'ಯು ಮಸ್ಟ್ ಕ್ಯಾರಿ ಯುವರ್ ಕಾರ್ಡ್' ಅಂತ ಓದುಗರ ಕಡೆ ತಿರುಗಿಸಿ ಬರೆದರೂ ಆಗುತ್ತದೆ, ಬೋರ್ಡಿಗೆ ಅದೇ ಚೆಂದ. 'ಕಾರ್ಡ್ಸ್' ಅಂದಾಗ ಒಬ್ಬರಿಗೇ ಹಲವು ಕಾರ್ಡ್ ಇದೆಯೇ ಅಂತ ಯಾರಾದರೂ ಕೇಳಬಹುದು ಅನಿಸಿದರೆ, 'ಈಚ್ ಮೆಂಬರ್ ಮಸ್ಟ್ ಕ್ಯಾರಿ ಎ ಕಾರ್ಡ್' ಅಂತ ಬರೆಯಿರಿ. ಆ ವಾಕ್ಯದಲ್ಲಿ ಸರ್ವನಾಮವೇ ಇಲ್ಲ, ಹೊಂದಿಸುವ ತಲೆನೋವೂ ಇಲ್ಲ.